ನಾವು ಊರು ಹುಡುಕಿದ್ದು

“ಮಾಷ್ಟ್ರೇ, ನೀವು ಊರು ಬಿಟ್ಟು ಹೋಗ್ತೀರಂತಲ್ಲ, ಹೌದಾ?”

ರಕ್ಷಕರೊಬ್ಬರು ಹೀಗೆ ಕೇಳಿದ್ದು 2024ರ ಏಪ್ರಿಲ್ ತಿಂಗಳಲ್ಲಿ, ಪೆರ್ಲ ಪೇಟೆಯ ಒಂದು ಅಂಗಡಿಯ ಮುಂದೆ. ಆಗ ನಮ್ಮ ಕೈಯಲ್ಲಿ ಒಂದು ಪಟ್ಟಿ ಇತ್ತು. ಆ ಜೂನಿನಲ್ಲಿ ಎಂಟನೆಯ ತರಗತಿಗೆ ಸೇರಬೇಕಾದ ಮಕ್ಕಳ ಹೆಸರೂ ಮನೆಯ ಗುರುತೂ ಅದರಲ್ಲಿದ್ದುವು. ಮನೆಮನೆಗೆ ಹೋಗಿ, “ಮಕ್ಕಳನ್ನು ಕನ್ನಡ ಮಾಧ್ಯಮಕ್ಕೇ ಕಳುಹಿಸಿ” ಎಂದು ಹೇಳುವುದಕ್ಕಾಗಿ ಹೊರಟಿದ್ದೆವು. ಕಿಸೆಯಲ್ಲಿ ಇನ್ನೊಂದು ಚೀಟಿಯೂ ಇತ್ತು. ಅದರಲ್ಲಿ ನಾವು ಹೋಗಿ ನೆಲೆಸಬಹುದಾದ ಐದು ಊರುಗಳ ಹೆಸರನ್ನು ಬರೆದಿಟ್ಟಿದ್ದೆವು. ಒಂದೇ ಮನುಷ್ಯನ ಮೈಮೇಲೆ ಈ ಎರಡು ಕಾಗದಗಳು ಇರಬಾರದಿತ್ತು ಎಂದು ಆ ಕ್ಷಣಕ್ಕೆ ತೋರಿತು.

“ಇನ್ನೂ ಏನೂ ನಿಶ್ಚಯವಾಗಿಲ್ಲ” ಎಂದೆವು.

“ಅಲ್ಲ, ನೀವೇ ಹೋಗುವುದಾದರೆ ನಾವು ಹುಡುಗಿಯನ್ನು ಇಲ್ಲಿ ಹಾಕುವುದು ಯಾಕೆ ಅಂತ ಅಷ್ಟೆ.” ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಸಂಶಯವೇ ಇತ್ತು. ನಮ್ಮಲ್ಲಿ ಉತ್ತರವಿರಲಿಲ್ಲ.

ಇಲ್ಲಿ ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ ಎಂದು ಓದುಗರು ತಿಳಿಯಬೇಕು. ಒಬ್ಬರದು ಈ ಶಾಲೆಯಲ್ಲಿ ಕನ್ನಡ ಪಾಠ, ಇನ್ನೊಬ್ಬರದು ಅಡಿಕೆ ತೋಟದ ಯಜಮಾನಿಕೆ. ಲೆಕ್ಕ ಹಾಕಿದ್ದು ಎರಡು ತಲೆಗಳು ಸೇರಿ. ಆದುದರಿಂದ ಒಂದೇ ತಲೆಯ ಹೆಸರಿನಲ್ಲಿ ಬರೆಯುವುದು ನ್ಯಾಯವಲ್ಲ.

ಈ ಯೋಚನೆ ಹುಟ್ಟಿದ್ದು 2020ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದೂ, ಒಳರಸ್ತೆಗಳಿಗೆ ಲಾರಿಗಳಲ್ಲಿ ಮಣ್ಣು ತಂದು ಸುರಿದದ್ದೂ ಕಾಸರಗೋಡಿನವರಾರಿಗೂ ಮರೆಯುವಂತಹುದಲ್ಲ. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ರಾಜಧಾನಿ ತಿರುವನಂತಪುರವಾದರೋ ಐನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಮಂಗಳೂರಿನ ದಾರಿ ಕಟ್ಟಿದಾಗ ಆ ದಿನಗಳಲ್ಲಿ ಚಿಕಿತ್ಸೆ ಸಿಗದೆ ತೀರಿಕೊಂಡವರಿದ್ದಾರೆ. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, ತುರ್ತು ರೋಗಿಗಳಿಗೆ ದಾರಿ ಬಿಡುವ ಏರ್ಪಾಡಾಗುವಾಗ ಏಪ್ರಿಲ್ ಬಂದಿತ್ತು. ಅಷ್ಟರೊಳಗಿನ ಒಂದು ರಾತ್ರಿ ನಮ್ಮ ಅಮ್ಮನಿಗೆ ಉಸಿರು ಕಟ್ಟಿತು. ಹೃದಯದ ತೊಂದರೆ ಮೊದಲೇ ಇತ್ತು. ಆಂಬುಲೆನ್ಸು ಬಂತು, ಸಾರಡ್ಕದ ದಾರಿ ಇಲ್ಲವೆಂದು ಗೊತ್ತಾಯಿತು, ಕಾಸರಗೋಡಿಗೆ ತಿರುಗಿಸಿದೆವು. ದೇವರ ದಯೆಯಿಂದ ಅಮ್ಮ ಉಳಿದರು. ಮನೆಗೆ ಬಂದ ಮೇಲೆ ನಾವಿಬ್ಬರೂ ಒಂದೇ ಮಾತು ಹೇಳಿದೆವು: ಈ ಗಡಿಯ ಬುಡದಲ್ಲಿ ಇನ್ನು ಇರುವುದು ಬೇಡ.

ನಮ್ಮ ಅಜ್ಜನೂ ಹೀಗೆಯೇ ಊರು ಹುಡುಕಿ ಬಂದವರು. ಅವರು ವಿಟ್ಲ ಸೀಮೆಯಿಂದ ಹೊರಟು ಈ ಗುಡ್ಡೆಯ ಬುಡಕ್ಕೆ ಬಂದಾಗ ಎರಡೂ ಕಡೆ ಒಂದೇ ಜಿಲ್ಲೆ. ಅದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ. 1956ರ ನವೆಂಬರ್ 1ರಂದು ಅಜ್ಜ ಕುಳಿತಲ್ಲಿಂದ ಏಳದೆಯೇ ಕೇರಳದವರಾದರು. ಅವರ ತಮ್ಮ ವಿಟ್ಲದಲ್ಲಿ ಕುಳಿತಲ್ಲಿಯೇ ಮೈಸೂರು ರಾಜ್ಯದವರಾದರು. ಅಣ್ಣತಮ್ಮಂದಿರು ತೋಟಕ್ಕೆ ನೀರು ಬಿಡುತ್ತಿದ್ದರಂತೆ, ಮನೆಗೆ ಬಂದಾಗ ರಾಜ್ಯ ಬೇರೆ. ಅಜ್ಜನ ಕಾಲದ ದಸ್ತಾವೇಜುಗಳು ಕನ್ನಡದಲ್ಲಿವೆ. ಅಪ್ಪನಿಗೆ ಬಂದ ನೋಟೀಸುಗಳಲ್ಲಿ ಕೆಲವು ಮಲಯಾಳದವು, ಅವನ್ನು ಓದಿಸಲು ಅಪ್ಪ ನೆರೆಮನೆಗೆ ಹೋಗುತ್ತಿದ್ದರು. ನಾವು ಎರಡೂ ಭಾಷೆ ಕಲಿತದ್ದು ಆ ನೆರೆಮನೆಯ ನಡಿಗೆಯನ್ನು ತಪ್ಪಿಸಲಿಕ್ಕೆ ಎಂದರೂ ತಪ್ಪಲ್ಲ.

ಅಜ್ಜ ಜಾಗ ಆರಿಸಿದ ರೀತಿಯನ್ನು ಅಪ್ಪ ಹೇಳುತ್ತಿದ್ದರು. ಅವರು ಮೊದಲು ನೋಡಿದ್ದು ಮಣ್ಣನ್ನಲ್ಲ, ಗುಡ್ಡೆಯನ್ನು. ಮುರಕಲ್ಲಿನ ಗುಡ್ಡೆಯ ಯಾವ ಮಗ್ಗುಲಲ್ಲಿ ಬೇಸಗೆಯಲ್ಲೂ ಹಸುರು ಉಳಿಯುತ್ತದೆ, ಹುತ್ತ ಎಲ್ಲಿದೆ, ಅತ್ತಿಯ ಮರ ಎಲ್ಲಿದೆ ಎಂದು ಒಂದು ಇಡೀ ಬೇಸಗೆ ಅಡ್ಡಾಡಿ ನೋಡಿದರಂತೆ. ಆ ಮೇಲೆ ಸುರಂಗ ತೋಡಿಸಿದರು. ಸುರಂಗವೆಂದರೆ ನಮ್ಮ ಮಕ್ಕಳಿಗೆ ಗೊತ್ತು, ಹೊರಗಿನವರಿಗೆ ವಿವರಿಸಬೇಕು. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡೆಯ ಒಡಲಿಗೆ ಅಡ್ಡಲಾಗಿ ತೋಡುವುದು. ಒಬ್ಬ ಆಳು ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಗಿಡ್ಡ ಹಿಡಿಯ ಪಿಕ್ಕಾಸಿನಿಂದ ಒಬ್ಬ ಕಡಿಯಬೇಕು, ಇನ್ನೊಬ್ಬ ಮಣ್ಣು ಹೊರಗೆ ಎಳೆಯಬೇಕು. ಒಳಗೆ ಮೊಂಬತ್ತಿ ಉರಿಸಿಟ್ಟಿರುತ್ತಾರೆ. ಬತ್ತಿ ನಂದಿತೆಂದರೆ ಉಸಿರಾಡುವ ಗಾಳಿ ಸಾಲದು ಎಂದರ್ಥ, ತಕ್ಷಣ ಹೊರಗೆ ಬರಬೇಕು. ಒರತೆ ಸಿಕ್ಕಿದ ಮೇಲೆ ಪಂಪೂ ಬೇಡ, ಕರೆಂಟೂ ಬೇಡ. ನೀರು ತಾನಾಗಿ ಹರಿದು ಹೊರಗಿನ ಮದಕಕ್ಕೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ಮೊದಲು ಅಡಿಕೆ ಮರದ ದಂಬೆಯಲ್ಲಿ ಹರಿಯುತ್ತಿತ್ತು, ಈಗ ಪೈಪಿನಲ್ಲಿ. ಕಾಸರಗೋಡಿನ ಗುಡ್ಡೆಗಳಲ್ಲಿ ಇಂತಹವು ಸಾವಿರಾರು ಇವೆ. ನಮ್ಮ ಸುರಂಗ ಮೊದಲನೆಯ ವರ್ಷ ನೀರು ಕೊಡಲಿಲ್ಲ. ಎರಡನೆಯ ಬೇಸಗೆ ಇನ್ನೂ ಹತ್ತು ಕೋಲು ಮುಂದೆ ತೋಡಿದಾಗ ಜಿನುಗಿತು. ಅಜ್ಜಿ ಆ ನೀರಿನಲ್ಲಿ ಪಾಯಸ ಮಾಡಿ ಹಂಚಿದರಂತೆ.

ಇದೇ ಕಾಲಕ್ಕೆ, ಅಂದರೆ 1940ರ ದಶಕದಲ್ಲಿ, ನಮ್ಮ ಜಿಲ್ಲೆಯ ತೆಂಕಣ ಗುಡ್ಡಗಳಿಗೆ ತಿರುವಾಂಕೂರಿನ ರೈತರು ಕುಟುಂಬ ಸಮೇತ ಬಂದರು. ಅಲ್ಲಿ ಭೂಮಿ ಸಾಲದು, ಯುದ್ಧಕಾಲದಲ್ಲಿ ಅನ್ನವೂ ಸಾಲದು. ಇಲ್ಲಿ ಕಾಡು ಅಗ್ಗ. ರಾಜಪುರಕ್ಕೆ ಮೊದಲ ಕುಟುಂಬಗಳು ಬಂದದ್ದು 1943ರಲ್ಲಿ. ಮಲೇರಿಯಾ ಅವರನ್ನು ಬಹಳ ಕಾಡಿತು. ಆದರೂ ನಿಂತರು, ಮರಗೆಣಸು ತಿಂದು ನಿಂತರು. ಪಾಠ ಹೇಳುವಾಗ ಈ ಕತೆಯನ್ನು ನಾವು ಎಷ್ಟು ಸಲ ಹೇಳಿದ್ದೇವೋ! ಆದರೆ ನಮ್ಮ ಸರದಿ ಬಂದಾಗ ನಾವು ಮಾಡಿದ್ದೇನು? ಒಂದು ಚೀಟಿಯಲ್ಲಿ ಐದು ಊರು ಬರೆದು, ಪ್ರತಿಯೊಂದಕ್ಕೂ ನೂರರಲ್ಲಿ ಅಂಕ ಕೊಟ್ಟೆವು. ಮಾಷ್ಟ್ರ ಬುದ್ಧಿ.

ಮಂಗಳೂರಿಗೆ ಆಸ್ಪತ್ರೆಯ ಲೆಕ್ಕದಲ್ಲಿ ಪೂರ್ತಿ ಅಂಕ. ಅಮ್ಮನನ್ನು ಕರೆದುಕೊಂಡು ಹೋಗಿ ನಾಲ್ಕನೆಯ ಮಾಳಿಗೆಯ ಒಂದು ಫ್ಲಾಟು ತೋರಿಸಿದೆವು. ಅಮ್ಮ ಎಲ್ಲ ಕೋಣೆಗಳನ್ನೂ ನೋಡಿ, “ತುಳಸಿ ಎಲ್ಲಿ ನೆಡುವುದು?” ಎಂದರು. ಚಟ್ಟಿಯಲ್ಲಿ ಎಂದೆವು. ಆಮೇಲೆ ನಳ್ಳಿ ತಿರುಗಿಸಿ, “ಈ ನೀರು ಎಲ್ಲಿಯದು?” ಎಂದರು. ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನದು ಎಂದೆವು. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಗ್ಗಿ, ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದನ್ನು ಹೇಳಲಿಲ್ಲ. ಅವರೇ ಪೇಪರಿನಲ್ಲಿ ಓದಿದ್ದರು.

ಬೆಂಗಳೂರಿನಲ್ಲಿ ಅಣ್ಣ ಇದ್ದಾನೆ. “ಬನ್ನಿ, ಎಲ್ಲ ಒಟ್ಟಿಗೆ ಇರುವಾ” ಎಂದು ಪ್ರತಿ ವಿಷುವಿಗೂ ಕರೆಯುವವನು. 2024ರ ಮಾರ್ಚಿನಲ್ಲಿ ಅಲ್ಲಿ ಕೊಳವೆಬಾವಿಗಳು ಬತ್ತಿದಾಗ ಫೋನು ಮಾಡಿ, “ಟ್ಯಾಂಕರಿಗೆ ಕಾದು ಕೂತಿದ್ದೇನೆ, ನಿಮ್ಮ ಸುರಂಗದಲ್ಲಿ ನೀರು ಉಂಟಾ?” ಎಂದು ಕೇಳಿದ. ಉಂಟು, ಕಿರುಬೆರಳಿನಷ್ಟು ದಪ್ಪ ಬೀಳುತ್ತದೆ ಎಂದೆವು. ಆ ವರ್ಷ ಕರೆಯಲಿಲ್ಲ.

ಮೈಸೂರು ನಮ್ಮಿಬ್ಬರಿಗೂ ಮನಸ್ಸಿಗೆ ಹಿಡಿದ ಊರು. ಅಗಲ ರಸ್ತೆ, ಮರಗಳು, ತಂಪು ಹವೆ. 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂದು ಹೆಸರಾದದ್ದು. ಮಗಳಿಗೆ ಕನ್ನಡದಲ್ಲಿಯೇ ಮುಂದೆ ಓದಲು ಬೇಕಾದಷ್ಟು ದಾರಿಗಳಿವೆ. ಮೂರು ದಿನ ಇದ್ದು ಬಂದೆವು. ಆದರೆ ಅಡಿಕೆ ತೋಟದ ಯಜಮಾನಿಗೆ ಅಲ್ಲಿ ಮಾಡುವುದಕ್ಕೆ ಏನಿದೆ? ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ. ಅಲ್ಲಿ ಅದರ ನಾಲ್ಕನೆಯ ಒಂದು ಪಾಲು. ಮಳೆಗಾಲಕ್ಕೆ ಮೊದಲು ಮೈಲುತುತ್ತು ಸುಣ್ಣ ಕಲಸಿ ಮದ್ದು ಬಿಡಿಸುವ ಗಡಿಬಿಡಿಯಿಲ್ಲದ ಜೂನ್ ತಿಂಗಳನ್ನು ಅವರಿಗೆ ಊಹಿಸಲಿಕ್ಕೇ ಆಗಲಿಲ್ಲ. ಕಲ್ಲಿಕೋಟೆಯೂ ಪಟ್ಟಿಯಲ್ಲಿತ್ತು. 2023ರಲ್ಲಿ ಯುನೆಸ್ಕೋ ಅದನ್ನು ಸಾಹಿತ್ಯ ನಗರವೆಂದು ಆರಿಸಿದೆ. ಆದರೆ ಅಲ್ಲಿ ಕನ್ನಡ ಮಾಷ್ಟ್ರನಿಗೆ ಏನು ಕೆಲಸ? ಪುತ್ತೂರು ಹತ್ತಿರ, ಹವೆ ಒಂದೇ, ಮಾತು ಒಂದೇ. ಅಡಿಕೆ ಕೊಡಲು ಕ್ಯಾಂಪ್ಕೋ ಅಲ್ಲಿಯೂ ಉಂಟು ಇಲ್ಲಿಯೂ ಉಂಟು. 1973ರಲ್ಲಿ ಅದನ್ನು ಸ್ಥಾಪಿಸಿದಾಗಲೇ ಎರಡು ರಾಜ್ಯಗಳ ಬೆಳೆಗಾರರನ್ನು ಒಂದೇ ಸಂಘದಲ್ಲಿ ಸೇರಿಸಿದ್ದರು. ಅಡಿಕೆಗೆ ಗಡಿಯಿಲ್ಲ, ನೌಕರಿಗೆ ಇದೆ. ಕೇರಳದ ಅನುದಾನಿತ ಶಾಲೆಯ ಹುದ್ದೆಯನ್ನು ಹೊತ್ತುಕೊಂಡು ಗಡಿ ದಾಟಲಾಗುವುದಿಲ್ಲ. ದಾಟಿದರೆ ನಲುವತ್ತೈದರ ವಯಸ್ಸಿನಲ್ಲಿ ಎಲ್ಲವೂ ಒಂದನೆಯ ದಿನದಿಂದ.

ಇದಿಷ್ಟು ಮನೆಯ ಲೆಕ್ಕ. ಶಾಲೆಯ ಲೆಕ್ಕ ಬೇರೆಯೇ ಇದೆ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಆರನೆಯ ಕೆಲಸದ ದಿನದಂದು ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ತರಗತಿಯ ಡಿವಿಜನ್ ಎಷ್ಟು, ಅಧ್ಯಾಪಕರು ಎಷ್ಟು ಎಂದು ನಿಶ್ಚಯ. ಇದನ್ನು ರಕ್ಷಕರೂ ಬಲ್ಲರು. ಒಂದು ಮಗು ಕಡಿಮೆಯಾದರೂ ಒಂದು ಹುದ್ದೆ ಹೋಗುವ ವರ್ಷಗಳುಂಟು. ನಮ್ಮ ಮಗಳು ಆ ಸಲ ಏಳನೆಯದನ್ನು ಮುಗಿಸಿ ಎಂಟಕ್ಕೆ ಬರುವವಳು. ಅವಳ ಹೆಸರೂ ನಮ್ಮ ಪಟ್ಟಿಯಲ್ಲಿ ಇರಬೇಕಿತ್ತು. ನಾವು ಬರೆದಿರಲಿಲ್ಲ. ಅಂಗಡಿಯ ಮುಂದೆ ಆ ರಕ್ಷಕರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಏನೂ ಹೇಳದೆ ಹಿಂದೆ ಕೊಟ್ಟರು.

ಆ ರಾತ್ರಿ ಊಟಕ್ಕೆ ಕೂತಾಗ ಅಂಕಗಳನ್ನು ಮತ್ತೊಮ್ಮೆ ಕೂಡಿಸಿ ಅಮ್ಮನ ಮುಂದೆ ಓದಿದೆವು. ಅಮ್ಮ ಕೇಳಿ, “ಇದೆಲ್ಲ ನನ್ನ ಕಾಯಿಲೆಗೆ ಬೇಕಾಗಿ ಅಲ್ಲವಾ?” ಎಂದರು.

“ಹೌದು. ಆ ರಾತ್ರಿ ಗಡಿ ಮುಚ್ಚಿತ್ತಲ್ಲ.”

“ಗಡಿ ಆಮೇಲಿನ ಮಾತು. ಆಂಬುಲೆನ್ಸು ಕೆಳಗೆ ಬಂದು ನಿಂತ ಮೇಲೆ ನಾನು ಅದಕ್ಕೆ ಹತ್ತುವಾಗ ಎಷ್ಟು ಹೊತ್ತಾಗಿತ್ತು?”

ನಾವಿಬ್ಬರೂ ಮುಖ ಮುಖ ನೋಡಿದೆವು. ನಮ್ಮ ಮನೆಗೆ ವಾಹನದ ರಸ್ತೆ ಇಲ್ಲ. ಮುರಕಲ್ಲಿನ ಮೆಟ್ಟಿಲು, ಮೇಲೆ ತೋಟದ ಕಟ್ಟಪುಣಿ, ಆಮೇಲೆ ತೋಡಿಗೆ ಹಾಕಿದ ಅಡಿಕೆ ಮರದ ಸಂಕ. ಅಮ್ಮನನ್ನು ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ಕೂರಿಸಿ, ಬೈರಾಸಿನಿಂದ ಕಟ್ಟಿ, ನೆರೆಯ ಅಬ್ಬುಲ್ಲ ಬ್ಯಾರಿಗಳಂತಹ ಹಿರಿಯರೂ ಸೇರಿ ನಾಲ್ಕು ಜನ ಟಾರ್ಚಿನ ಬೆಳಕಿನಲ್ಲಿ ಹೊತ್ತದ್ದು. ಸಂಕದಲ್ಲಿ ಇಬ್ಬರು ನಡೆಯಲಾರದೆ ಕುರ್ಚಿಯನ್ನು ಇಳಿಸಿದ್ದು. ಇದೆಲ್ಲ ಮುಕ್ಕಾಲು ಗಂಟೆ. ಅಲ್ಲಿಂದ ಕಾಸರಗೋಡಿಗೆ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ನಾಲ್ಕು ವರ್ಷ ನಾವು ಗಡಿಯನ್ನೇ ಬೈದೆವು, ಕುರ್ಚಿ ನೆನಪಾಗಲಿಲ್ಲ. ಪೇಪರಿನಲ್ಲಿ ಗಡಿಯ ಸುದ್ದಿ ಬಂದಿತ್ತು, ಸಂಕದ ಸುದ್ದಿ ಬರಲಿಲ್ಲವಷ್ಟೆ.

“ನನಗೆ ಮೈಸೂರು ಬೇಡ, ರಸ್ತೆ ಸಾಕು” ಎಂದರು ಅಮ್ಮ.

ಮನೆಯವರೆಗೆ ರಸ್ತೆ ತರಲು ಮೂವರ ತೋಟ ದಾಟಬೇಕು. ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಅವರ ಅಡಿಕೆ ಮರಗಳು ಅವರಿಗೆ ದೊಡ್ಡದು, ತಪ್ಪು ಹೇಳುವಂತಿಲ್ಲ. ಹಾಗಾಗಿ ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿಯಲ್ಲಿ ಹಂಚಿನ ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದೆವು. 2013ರಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆಯಾಗಿ, 2020ರ ಏಪ್ರಿಲಿನಲ್ಲಿ ಅದರ ಒಂದು ಕಟ್ಟಡವನ್ನು ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು ಇದೇ ರಸ್ತೆಯಲ್ಲಿ. ದೇಶದ ಐದು ಊರುಗಳನ್ನು ತೂಗಿ ನೋಡಿ ಕೊನೆಗೆ ನಾವು ಹೋದದ್ದು ಮೂರು ಕಿಲೋಮೀಟರು. ಅಣ್ಣ ಫೋನಿನಲ್ಲಿ ಬಹಳ ನಕ್ಕ.

ನಷ್ಟ ಇಲ್ಲವೆಂದಲ್ಲ. ರಾತ್ರಿ ಲಾರಿಗಳ ಸದ್ದಿಗೆ ನಿದ್ದೆ ಬರುವುದಿಲ್ಲ. ತೋಟದ ಯಜಮಾನಿ ದಿನಾ ಬೆಳಿಗ್ಗೆ ನಡೆದು ಹೋಗಿ ಸಂಜೆ ಬರಬೇಕು. ಖಾಲಿ ಮನೆಯ ಅಂಗಳಕ್ಕೆ ಹಂದಿಗಳು ಬರತೊಡಗಿವೆ. ಮಗಳು ಎಂಟನೆಯ ತರಗತಿಗೆ ನಮ್ಮ ಶಾಲೆಗೇ ಸೇರಿದಳು. ಹತ್ತಾದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಹಾಗೆಯೇ ಇದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವುಂಟೆಂದು ಅವಳೇ ಓದಿಟ್ಟುಕೊಂಡಿದ್ದಾಳೆ. ಆಗ ಅವಳು ತನ್ನ ಚೀಟಿಯನ್ನು ತಾನೇ ಬರೆಯಲಿ. ಆ ರಕ್ಷಕರ ಹುಡುಗಿಯೂ ಸೇರಿದ್ದಾಳೆ, ಇವಳ ಬೆಂಚಿನಲ್ಲಿಯೇ. ಸೇರಿಸಲು ಬಂದ ದಿನ ಅವರು ನಮ್ಮಲ್ಲಿ ಕೇಳಿದ್ದು ಒಂದೇ ಮಾತು: “ಮನೆ ಬಾಡಿಗೆ ಎಷ್ಟಾಯ್ತು?”

ಹೊಸ ಮನೆಯ ಬಾವಿಯ ನೀರು ಅಮ್ಮನಿಗೆ ರುಚಿಸುವುದಿಲ್ಲ. ಪಾತ್ರೆ ತೊಳೆಯಲು ಆದೀತು, ಕುಡಿಯಲು ಆಗದು ಎನ್ನುತ್ತಾರೆ. ಆದುದರಿಂದ ಪ್ರತಿದಿನ ತೋಟದಿಂದ ಬರುವಾಗ ಸುರಂಗದ ಬಾಯಲ್ಲಿ ಒಂದು ಕ್ಯಾನು ನೀರು ಹಿಡಿದು ತರುವುದು ರೂಢಿಯಾಗಿದೆ; ಭಾನುವಾರ ಆ ಕೆಲಸ ಮಾಷ್ಟ್ರದು. ಕ್ಯಾನು ಹತ್ತು ಲೀಟರಿನದು. ಮಳೆಗಾಲದಲ್ಲಿ ಸಂಕ ಜಾರುತ್ತದೆ, ಆಗ ಅರ್ಧವೇ ತುಂಬಿಸುತ್ತೇವೆ.