ಸೆಟ್ಟಿಂಗ್ಸ್ ಎಂಬ ಅಟ್ಟ

ರಾತ್ರಿ ಊಟ ಮುಗಿದು ಮನೆ ತಣ್ಣಗಾದ ಮೇಲೆ ಫೋನಿನ ಸೆಟ್ಟಿಂಗ್ಸ್ ತೆರೆದು ಕೂರುವುದು ನನಗೆ ಬಲು ಇಷ್ಟದ ಹವ್ಯಾಸ. ಸಾಲುಸಾಲಾಗಿ ಕೆಳಗಿಳಿಯುವುದು, ಇದೇನಿರಬಹುದು ಎಂದು ಒಂದನ್ನು ಒತ್ತುವುದು, ಒಳಗೆ ಬರೆದಿರುವುದನ್ನು ಪೂರ್ತಿ ಓದುವುದು, ಒಮ್ಮೆ ಆನ್ ಮಾಡಿ ಏನಾಗುತ್ತದೆ ನೋಡುವುದು. ಹಳೆಯ ಮನೆಯ ಅಟ್ಟ ಹತ್ತಿದಾಗ ಸಿಗುವ ಸುಖ ಇದು. ಎಲ್ಲವೂ ನಮ್ಮದೇ ಸಾಮಾನು, ದುಡ್ಡು ಕೊಟ್ಟು ತಂದದ್ದೇ. ಅಲ್ಲಿದೆ ಎಂಬುದೊಂದು ಗೊತ್ತಿರುವುದಿಲ್ಲ, ಅಷ್ಟೇ.

ನಮ್ಮಲ್ಲಿ ಫೋನಿನ ಮಾತು ಬಂದರೆ ಬೆಲೆ, ಮೆಗಾಪಿಕ್ಸೆಲ್, ಬ್ಯಾಟರಿ, ಇಷ್ಟಕ್ಕೇ ಬಂದು ನಿಲ್ಲುತ್ತದೆ. ಎರಡೆರಡು ವರ್ಷಕ್ಕೆ ಫೋನು ಬದಲಿಸುವವರೂ ಹೊಸದರಲ್ಲಿ ಮಾಡುವುದು ಹಳೆಯದರಲ್ಲಿ ಮಾಡುತ್ತಿದ್ದ ಕೆಲಸವನ್ನೇ: ಕರೆ, ವಾಟ್ಸಾಪ್, ಯೂಟ್ಯೂಬ್, ಹಣ ಪಾವತಿ. ಜೇಬಿನಲ್ಲಿರುವುದರ ಬಲ ಎಷ್ಟೆಂದು ತಿಳಿಯದೆ ಇನ್ನೊಂದಕ್ಕೆ ದುಡ್ಡು ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಒಬ್ಬ ಮನುಷ್ಯನಿಗೆ ದಿನವೂ ಕಾಡುವ ಒಂದು ಅಡಚಣೆ, ಅವನ ಫೋನಿನೊಳಗೇ ಎಲ್ಲೋ ಕೂತಿರುವ ಒಂದು ಸೌಲಭ್ಯ, ಇವೆರಡನ್ನೂ ಹೊಂದಿಸಿ ಕೊಟ್ಟಾಗ ಅವನ ಮುಖದಲ್ಲಿ ಏಳುವ ಕಳೆಯೇ ನನಗೆ ಈ ಹವ್ಯಾಸದ ಫಲ.

ಈ ಅಟ್ಟದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವ ಮೂಲೆ ಆಕ್ಸೆಸಿಬಿಲಿಟಿ. ಅದು ಅಂಗವಿಕಲರಿಗೆ ಮೀಸಲು ಎಂದುಕೊಂಡು ಉಳಿದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಐವತ್ತು ದಾಟಿದ ಯಾರ ಕಣ್ಣು ಮೊದಲಿನ ಹಾಗಿರುತ್ತದೆ? ಆಂಡ್ರಾಯ್ಡ್‌ನಲ್ಲಿ ಹಿಗ್ಗಿಸಿ ತೋರಿಸುವ ಸೌಲಭ್ಯವನ್ನು ಒಮ್ಮೆ ಆನ್ ಮಾಡಿಟ್ಟರೆ ಪರದೆಯನ್ನು ಮೂರು ಸಲ ತಟ್ಟಿದಾಗ ಆ ಜಾಗ ದೊಡ್ಡದಾಗಿ ಕಾಣುತ್ತದೆ. ಐಫೋನಿನಲ್ಲಿ ಮ್ಯಾಗ್ನಿಫೈಯರ್ ಎಂಬ ಆ್ಯಪೇ ಇದೆ. ಗುಳಿಗೆ ಪಟ್ಟಿಯ ತುದಿಯಲ್ಲಿ, ಬೆಳ್ಳಿ ಹಾಳೆಯ ಮೇಲೆ ಒತ್ತಿರುವ ಅವಧಿ ಮುಗಿಯುವ ತಾರೀಖನ್ನು ಅದರಲ್ಲಿ ನೋಡಬೇಕು. ಬೆಳಕು ನೇರವಾಗಿ ಬಿದ್ದರೆ ಹಾಳೆ ಹೊಳೆದು ಏನೂ ಕಾಣದು. ಪಟ್ಟಿಯನ್ನು ಸ್ವಲ್ಪ ಓರೆ ಹಿಡಿದರೆ ಒತ್ತಿದ ಅಂಕಿಗಳ ಅಂಚಿನಲ್ಲಿ ನೆರಳು ಕೂತು ತಿಂಗಳು, ವರ್ಷ ಎರಡೂ ಎದ್ದು ಬರುತ್ತವೆ.

ನಮ್ಮ ಕಾಕಾಗೆ ಕಿವಿ ಮಂದ. ಶ್ರವಣಯಂತ್ರ ಇದೆ, ನಾಲ್ಕು ಜನ ಕೂಡಿದಲ್ಲಿ ಎಲ್ಲರ ದನಿಯೂ ಕಲಸಿಕೊಂಡು ಬರುತ್ತದೆಂದು ತೆಗೆದಿಟ್ಟುಬಿಡುತ್ತಾರೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ನಗುವವರ ಮುಖ ನೋಡಿ ತಾವೂ ನಗುತ್ತ ಕೂತಿರುತ್ತಿದ್ದರು. ಒಂದು ದೀಪಾವಳಿಗೆ ಅವರ ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಹಾಕಿ, ಭಾಷೆ ಕನ್ನಡ ಎಂದು ಆರಿಸಿ, ಅಕ್ಷರ ದಪ್ಪ ಮಾಡಿ, ಊಟಕ್ಕೆ ಕೂತಾಗ ಅವರ ಎದುರು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದೆ. ಬಡಿಸುತ್ತಿದ್ದ ಕಾಕು ಎಂದಿನ ಹಾಗೆ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ, "ಹೋಳಿಗಿಗೆ ತುಪ್ಪ ಹಾಕ್ಲೇನ್ರಿ?" ಎಂದರು. ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಕಾಕಾ ಓದಿದರು, ತಲೆ ಎತ್ತಿ ಕಾಕುವಿನ ಮುಖ ನೋಡಿದರು. "ಹಾಕು, ಹಾಕು. ಅದನ್ನೇನು ಕೇಳ್ತಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಇದು ಈಕಿ ಅಂದದ್ದನ್ನೆಲ್ಲಾ ಬರಿತದೇನೋ?" ಎಂದು ಕೇಳಿದರು. ಆ ಊಟ ಮುಗಿಯಲು ಎಂದಿಗಿಂತ ಬಹಳ ಹೊತ್ತು ಹಿಡಿಯಿತು.

ಗೂಗಲ್ ಈ ಆ್ಯಪನ್ನು ಹೊರತಂದದ್ದು 2019ರಲ್ಲಿ. ಅದರ ಹಿಂದೆ ದುಡಿದವರಲ್ಲಿ ಒಬ್ಬರು ದಿಮಿತ್ರಿ ಕನೆವ್ಸ್ಕಿ ಎಂಬ ಸಂಶೋಧಕರು. ಎಳವೆಯಲ್ಲೇ ಕಿವಿ ಕಳೆದುಕೊಂಡವರು. ಕಿವುಡರ ಶಿಕ್ಷಣಕ್ಕೆ ಹೆಸರಾದ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು. ತನಗೇ ಬೇಕಾದದ್ದನ್ನು ಮಾಡಿಕೊಂಡವರ ಕೈಗುಣ ಅದರಲ್ಲಿ ಎದ್ದು ಕಾಣುತ್ತದೆ. ಮಾತಷ್ಟೇ ಅಲ್ಲ, ನಾಯಿ ಬೊಗಳಿದರೆ, ಯಾರಾದರೂ ಶಿಳ್ಳೆ ಹಾಕಿದರೆ ಅದನ್ನೂ ಕೆಳಗೆ ಪುಟ್ಟದಾಗಿ ಸೂಚಿಸುತ್ತದೆ. ನಮ್ಮ ಹೆಸರು ಬರೆದಿಟ್ಟರೆ, ಯಾರಾದರೂ ಆ ಹೆಸರು ಹಿಡಿದಾಗ ಫೋನು ಗುರ್ ಎಂದು ನಡುಗುವ ಹಾಗೆ ಮಾಡಬಹುದು. ಆದರೆ ಅದು ಸರಿಯಾಗಿ ನಡೆಯಲು ಮಾತಾಡುವವರು ಕೈಯಳತೆಯಲ್ಲಿರಬೇಕು, ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು, ಮಿಕ್ಸಿ ಮತ್ತು ಟಿವಿ ಬಂದ್ ಇರಬೇಕು, ನೆಟ್ ಇರಬೇಕು. ನಮ್ಮ ಧಾರವಾಡದ ಮಾತಿನ ಓಟದಲ್ಲಿ ಅದು ಆಗಾಗ ಎಡವುತ್ತದೆ, ಊರ ಹೆಸರು, ಮನೆತನದ ಹೆಸರುಗಳನ್ನು ಕೆಡಿಸುತ್ತದೆ. ಆದರೂ ಹತ್ತರಲ್ಲಿ ಎಂಟು ಮಾತು ಸಿಕ್ಕರೆ ಉಳಿದೆರಡನ್ನು ಮನುಷ್ಯ ತಾನೇ ತುಂಬಿಕೊಳ್ಳುತ್ತಾನೆ.

ಇದೇ ಬಳಗದ ಇನ್ನೊಂದು, ಮಾತಾಡಿ ಟೈಪ್ ಮಾಡುವುದು. 2017ರ ಆಗಸ್ಟ್‌ನಲ್ಲಿ ಗೂಗಲ್ ಕೀಲಿಮಣೆಗೆ ಕನ್ನಡದ ಕಿವಿ ಬಂತು. ಕೀಲಿಮಣೆಯಲ್ಲಿರುವ ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಸಾಕು ಎಂಬುದು ಈಗಲೂ ಎಷ್ಟೋ ಜನಕ್ಕೆ ಹೊಸ ಸುದ್ದಿ. ಒತ್ತಕ್ಷರಕ್ಕಾಗಿ ಹುಡುಕಾಡಿ ಸೋತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದವರಿಗೆ ಇದನ್ನು ತೋರಿಸಿಕೊಟ್ಟರೆ ಮರುದಿನದಿಂದ ಅವರ ಸಂದೇಶಗಳು ಕನ್ನಡದಲ್ಲೇ ಬರತೊಡಗುತ್ತವೆ. ನಾನು ಇದನ್ನು ಅವ್ವನ ಅಡುಗೆ ಬರೆದಿಡಲು ಬಳಸುತ್ತೇನೆ. ಎಣ್ಣೆಗಾಯಿಗೆ ಮಸಾಲೆ ಅರೆಯುತ್ತ ಅವ್ವ ಹೇಳುತ್ತ ಹೋಗುತ್ತಾಳೆ: ಗುರೆಳ್ಳು ಒಂದ್ ಮುಷ್ಟಿ, ಶೇಂಗಾ ಅದಕ್ಕಿಂತ ಚೂರು ಜಾಸ್ತಿ, ಬೆಲ್ಲ ಬಾಯಿಗೆ ಹತ್ತಿದಷ್ಟು. ಹಾಗೆ ಹೇಳಿದ್ದು ಹಾಗೇ ಇರಬೇಕು. ಅವಳ ಮುಷ್ಟಿಯನ್ನು ನಾನು ಗ್ರಾಮಿಗೆ ಇಳಿಸುವುದಿಲ್ಲ. ಬರಹದ ಜೊತೆಗೆ ಇನ್ನೊಂದು ಫೋನಿನಲ್ಲಿ ದನಿಯನ್ನೂ ಹಿಡಿದಿಡುತ್ತೇನೆ. ಯಂತ್ರ ತಪ್ಪು ಕೇಳಿಸಿಕೊಂಡದ್ದನ್ನು ಆಮೇಲೆ ತಿದ್ದಲು ಅದು ಬೇಕು. ಮನೆಯಲ್ಲಿ ಹಿರಿಯರಿರುವವರೆಲ್ಲ ಇದೊಂದು ಕೆಲಸ ಮಾಡಬೇಕೆಂದು ನನ್ನ ಆಸೆ.

ಮಕ್ಕಳಿಗೆ ಫೋನು ಕೊಡಬಾರದು ಎನ್ನುವವರ ಮನೆಗೆ ಹೋದಾಗ ನಾನು ಫೋನು ಕೊಟ್ಟೇ ಆಟ ಕಲಿಸುತ್ತೇನೆ. ಟಿವಿ ರಿಮೋಟಿನ ಮೂತಿಯನ್ನು ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಹುಪಾಲು ಫೋನುಗಳ ಪರದೆಯಲ್ಲಿ ಮಿನುಗುತ್ತದೆ. ರಿಮೋಟಿನ ಸೆಲ್ ಸತ್ತಿದೆಯೇ ಎಂದು ನೋಡುವ ದಾರಿಯೂ ಇದೇ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ ಪಂಚಮಿಯ ಜೋಕಾಲಿಯದು.

ಜರ್ಮನಿಯ ಆಹೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಆ್ಯಪ್ ಇದೆ, ಪುಕ್ಕಟೆ. ಫೋನಿನೊಳಗಿನ ಸಂವೇದಕಗಳನ್ನೆಲ್ಲ ಅದು ಬಿಚ್ಚಿ ಮುಂದಿಡುತ್ತದೆ. ಫೋನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ಆಗುತ್ತದಲ್ಲ, ಆ ವಾಲುವಿಕೆ, ತಿರುಗುವಿಕೆಗಳನ್ನು ಅಳೆಯುವ ಪುಟ್ಟ ಉಪಕರಣಗಳು ಒಳಗಿವೆ. ನಮಗೆ ಅವುಗಳ ಲೆಕ್ಕ ಕಾಣುವುದಿಲ್ಲ, ಫೈಫಾಕ್ಸ್ ಕಾಣಿಸುತ್ತದೆ. ನಾಗರಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮಣೆಯ ಮೇಲೆ ಫೋನನ್ನು ಟವೆಲಿನಿಂದ ಬಿಗಿಯಾಗಿ ಕಟ್ಟಿ, ಲೋಲಕದ ಪ್ರಯೋಗ ಆರಿಸಿ, ಮೆಲ್ಲಗೆ ತೂಗಿಬಿಟ್ಟೆವು. ಇಳಿಸಿ ನೋಡಿದರೆ ಪರದೆಯ ತುಂಬ ಒಂದೇ ಅಳತೆಯ ಅಲೆಗಳು. ಒಂದು ಸಲ ಹೋಗಿ ಬರಲು 4 ಸೆಕೆಂಡಿನ ಆಸುಪಾಸು. ಆ ಸೆಕೆಂಡನ್ನು ಅದರಿಂದಲೇ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಹಗ್ಗದ ಉದ್ದ ಹೆಚ್ಚುಕಡಿಮೆ ಮೀಟರಿನಲ್ಲಿ ಬಂದುಬಿಡುತ್ತದೆ. ಅಂದರೆ 4 ಮೀಟರ್. ಹುಡುಗರು ನಂಬಲಿಲ್ಲ, ಒಬ್ಬ ಕೊಂಬೆ ಹತ್ತಿ ಟೇಪ್ ಇಳಿಬಿಟ್ಟ. 13 ಅಡಿ! ಹಾಗಾದರೆ ಭಾರ ಇಟ್ಟರೆ ನಿಧಾನ ಆಗುತ್ತದೇನು ಎಂದು ಒಬ್ಬಳು ಕೇಳಿದಳು. ಜೋಳದ ಚೀಲ ಇಟ್ಟು ತೂಗಿದೆವು. ಸಮಯ ಹೆಚ್ಚುಕಡಿಮೆ ಅಷ್ಟೇ ಬಂತು. ಪಾಠದ ಪುಸ್ತಕದಲ್ಲಿ ಅವರು ಬಾಯಿಪಾಠ ಮಾಡಿದ್ದ ಸಾಲು ಆವತ್ತು ಹಗ್ಗದಲ್ಲಿ ತೂಗಿತು. ಜೋರಾಗಿ ಜೀಕಿದರೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ, ಮೆಲ್ಲಗೆ ತೂಗಬೇಕು.

ಟ್ಯಾಬ್ಲೆಟ್ಟಿನ ವಿಷಯಕ್ಕೆ ಬಂದರೆ, ಬಹಳ ಮನೆಗಳಲ್ಲಿ ಅದು ಮಕ್ಕಳ ಕಾರ್ಟೂನಿಗೆ ಮೀಸಲಾಗಿ, ಆಮೇಲೆ ಕಪಾಟಿನಲ್ಲಿ ಚಾರ್ಜಿಲ್ಲದೆ ಬಿದ್ದಿರುತ್ತದೆ. ನನ್ನದು ಹಳಗನ್ನಡ ಓದುವ ಮೇಜಾಗಿದೆ. ಪರದೆಯನ್ನು ಎರಡು ಪಾಲು ಮಾಡುವ ಸೌಲಭ್ಯ ಈಗಿನ ಟ್ಯಾಬ್ಲೆಟ್ಟುಗಳಲ್ಲೆಲ್ಲ ಸಾಮಾನ್ಯ. ಎಡಕ್ಕೆ ಪಂಪನ ವಿಕ್ರಮಾರ್ಜುನ ವಿಜಯದ ಸ್ಕ್ಯಾನ್ ಪ್ರತಿ, ಬಲಕ್ಕೆ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಅಲರ್ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಎಲ್ಲರಿಗೂ ಮುಕ್ತವಾಗಿದೆ; ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಅದರಲ್ಲಿ ಸಿಗದಿದ್ದರೆ 1894ರ ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ. ಮುಂಚೆ ತೊಡೆಯ ಮೇಲೆ ಒಂದು ದಪ್ಪ ಪುಸ್ತಕ, ಮುಂದೆ ಇನ್ನೊಂದು ಇಟ್ಟುಕೊಂಡು ಓದುವಾಗ ಪದ ಹುಡುಕಿ ಬರುವಷ್ಟರಲ್ಲಿ ಪದ್ಯದ ನಡೆಯೇ ಕೈತಪ್ಪುತ್ತಿತ್ತು. ಈಗ ಕಣ್ಣು ಬಲಕ್ಕೆ ಹೊರಳಿ ಎಡಕ್ಕೆ ಮರಳುವಷ್ಟರಲ್ಲಿ ಅರ್ಥ ಸಿಕ್ಕಿರುತ್ತದೆ, ಪದ್ಯ ನಡೆಯುತ್ತಲೇ ಇರುತ್ತದೆ. ಪದ್ಯಗಳಲ್ಲಿ ಹೆಜ್ಜೆಗೊಮ್ಮೆ ಎದುರಾಗುವ ೞ ಅಕ್ಷರವೂ ಯೂನಿಕೋಡಿನಲ್ಲಿದೆ. ಅಲ್ಲಿನ ಪಟ್ಟಿಯಲ್ಲಿ ಅದಕ್ಕೆ ತಪ್ಪಾಗಿ 'ಫ (FA)' ಎಂದು ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೇ ಉಳಿದಿದೆ. ಹೆಸರು ಏನೇ ಇರಲಿ, ಅಕ್ಷರ ಬದುಕಿದೆ ಎಂಬುದೇ ನನಗೆ ಸಮಾಧಾನ.

ಸ್ಮಾರ್ಟ್ ಸ್ಪೀಕರಿನ ಮೇಲೆ ನನಗೆ ಇಷ್ಟು ಪ್ರೀತಿ ಇನ್ನೂ ಹುಟ್ಟಿಲ್ಲ. ನಮ್ಮ ಮನೆಯದಕ್ಕೆ ಕನ್ನಡದ ಹಾಡು ಹಾಕಲು ಬರುತ್ತದೆ, ಕನ್ನಡದಲ್ಲಿ ಹೇಳಿದ ಮಾತು ತಿಳಿಯುವುದಿಲ್ಲ. ಕೋಟಿಗಟ್ಟಲೆ ಜನ ಆಡುವ ಭಾಷೆಯನ್ನು ಅದು ಕಲಿಯಲೇಬೇಕು. ಅಲ್ಲಿಯವರೆಗೆ ರೂಟೀನ್ ಎಂಬ ಸೌಲಭ್ಯವೇ ಗತಿ. ಒಂದು ಪದಕ್ಕೆ ಒಂದಿಷ್ಟು ಕೆಲಸಗಳನ್ನು ಕಟ್ಟಿಡಬಹುದು. ಮೊಣಕಾಲು ನೋವಿನ ಅವ್ವ ಹಾಸಿಗೆಯಿಂದಲೇ ಸ್ಪೀಕರನ್ನು ಕರೆದು "ರೇಡಿಯೋ" ಎನ್ನುತ್ತಾಳೆ. ದನಿ ಇಷ್ಟಿರಲಿ ಎಂದು ಮೊದಲೇ ಗೊತ್ತುಮಾಡಿದ್ದರಿಂದ ಅಷ್ಟೇ ದನಿಯಲ್ಲಿ ಆಕಾಶವಾಣಿ ಶುರುವಾಗುತ್ತದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಶುರುಮಾಡಿದಾಗಿನಿಂದ ಬಂದ ಹೆಸರು ಅದು, ಹೊಸ ಪೆಟ್ಟಿಗೆಯಲ್ಲೂ ಕೇಳುತ್ತಿದೆ. ಇನ್ನೊಂದು ಮಾತು: ಮೈಕ್ ಬಂದ್ ಮಾಡುವ ಗುಂಡಿ ಆ ಪೆಟ್ಟಿಗೆಯ ಮೇಲೆಯೇ ಇದೆ. ಮನೆಯ ಒಳಗಿನ ಮಾತು ನಡೆಯುವಾಗ ಅದನ್ನು ಒತ್ತುವ ರೂಢಿ ಇರಲಿ. ಹೇಳಿದ್ದೆಲ್ಲದರ ದಾಖಲೆ ಅದರ ಆ್ಯಪಿನಲ್ಲಿ ಉಳಿದಿರಬಹುದು. ಆಗಾಗ ತೆರೆದು ಅಳಿಸಬೇಕು.

ಇಷ್ಟು ಬರೆದು, ಎಲ್ಲಕ್ಕಿಂತ ಮುಖ್ಯವಾದದ್ದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಫೋನಿಗೆ ಲಾಕ್ ಬಿದ್ದಿದ್ದರೂ ಬೇರೆಯವರು ತೆರೆದು ನೋಡಬಹುದಾದ, ತುರ್ತು ಮಾಹಿತಿಯ ಒಂದು ಪುಟವಿದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಸೇಫ್ಟಿ ಮತ್ತು ಎಮರ್ಜೆನ್ಸಿಯೊಳಗೆ, ಐಫೋನಿನಲ್ಲಿ ಹೆಲ್ತ್ ಆ್ಯಪಿನ ಮೆಡಿಕಲ್ ಐಡಿಯೊಳಗೆ. ಐಫೋನಿನಲ್ಲಿ, ಲಾಕ್ ಇದ್ದಾಗಲೂ ತೋರಿಸು ಎಂಬುದನ್ನು ಆನ್ ಮಾಡಿಡಬೇಕು. ದಾರಿಯಲ್ಲಿ ಯಾರಾದರೂ ಕುಸಿದು ಬಿದ್ದರೆ ನೆರವಿಗೆ ಬಂದವರಿಗೆ ಆ ಪುಟವೇ ದಿಕ್ಕು. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಐದು ಸಲ ಪಟಪಟನೆ ಒತ್ತಿದರೆ ತುರ್ತು ಕರೆ ಹೋಗುವ ಹಾಗೂ ಮಾಡಿಡಬಹುದು. ನಮ್ಮ ದೇಶದ ತುರ್ತು ಸಂಖ್ಯೆ 112.

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಪಕ್ಕ ಕೂತು ಆ ಪುಟವನ್ನು ತುಂಬಿಸಿ. ಫೋನು ಅವರ ಕೈಯಲ್ಲೇ ಇರಲಿ, ಒತ್ತುವ ಬೆರಳೂ ಅವರದೇ ಇರಲಿ, ನೀವು ದಾರಿ ಹೇಳಿ ಸಾಕು. ರಕ್ತದ ಗುಂಪು, ದಿನವೂ ತೆಗೆದುಕೊಳ್ಳುವ ಔಷಧಿ, ಕರೆಯಬೇಕಾದವರ ನಂಬರು: ಅದರಲ್ಲಿ ಮುಖ್ಯವಾಗಿ ತುಂಬಬೇಕಾದದ್ದು ಇಷ್ಟು.