ಹತ್ತು ಮೊಲ ಎಂದರೆ ಎಷ್ಟು?

ಕನ್ನಡದಲ್ಲಿ ಮೊಲ, ತಮಿಳಿನಲ್ಲಿ ಮುಯಲ್. ಹೊಲದ ಬದುವಿನಿಂದ ಚಂಗನೆ ನೆಗೆದು ಮರೆಯಾಗುವುದಕ್ಕೂ ಅದೇ ಹೆಸರು, ಚೆನ್ನೈನ ಯಾವುದೋ ತಾರಸಿಯ ಪಂಜರದಲ್ಲಿ ಹುಲ್ಲು ಮೆಲ್ಲುವುದಕ್ಕೂ ಅದೇ ಹೆಸರು. ಆದರೆ ಇವೆರಡೂ ಬೇರೆ ಬೇರೆ ಪ್ರಾಣಿಗಳು. ನಮ್ಮ ಕಾಡುಮೊಲದ ಜೀವಕೋಶದಲ್ಲಿ 48 ವರ್ಣತಂತುಗಳು, ಸಾಕುಮೊಲದಲ್ಲಿ 44. ಸಾಕುಮೊಲದ ಮೂಲ ಯುರೋಪಿನ ನೈರುತ್ಯ ಮೂಲೆ. ಅಲ್ಲಿ ಬಿಲ ತೋಡಿ ಬದುಕುತ್ತಿದ್ದ ಒಂದೇ ಪ್ರಭೇದದಿಂದ ಜಗತ್ತಿನ ಸಾಕುಮೊಲಗಳೆಲ್ಲ ಬಂದಿವೆ.

ಭಾಷೆ ಎರಡನ್ನು ಒಂದು ಮಾಡಿದರೆ, ಸಾಕುವವರು ಒಂದನ್ನು ಹಲವು ಮಾಡಿದ್ದಾರೆ: ನ್ಯೂಜಿಲೆಂಡ್ ವೈಟ್, ವೈಟ್ ಜೈಂಟ್, ಗ್ರೇ ಜೈಂಟ್, ಅಂಗೋರಾ, ಸೋವಿಯತ್ ಚಿಂಚಿಲ್ಲಾ. ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು, ಮೊಲದ ಮೈಮೇಲೆ ಹೆಸರು ಉಳಿಯಿತು. ಇವೆಲ್ಲ ಬಣ್ಣ, ಗಾತ್ರ, ತುಪ್ಪಳ ನೋಡಿ ಗುರುತಿಸುವ ತಳಿಗಳು. ಒಂದೇ ಹೆಸರಿನ ಮೊಲಗಳೊಳಗೆ ಎಷ್ಟು ವೈವಿಧ್ಯ ಉಳಿದಿದೆ ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಅದನ್ನು ತೋರಿಸುವುದು ಡಿಎನ್‌ಎ ಗುರುತುಗಳು. ಡಿಎನ್‌ಎಯಲ್ಲಿ ಅಲ್ಲಲ್ಲಿ ಎರಡು ಮೂರು ಅಕ್ಷರಗಳು ತೊದಲಿದಂತೆ ಮತ್ತೆ ಮತ್ತೆ ಬರುತ್ತವೆ. ಇವಕ್ಕೆ ಮೈಕ್ರೋಸ್ಯಾಟಲೈಟ್ ಎಂದು ಹೆಸರು. ಮರಿಗೆ ಅಪ್ಪನಿಂದೊಂದು, ಅಮ್ಮನಿಂದೊಂದು ಪ್ರತಿ ಸಿಗುತ್ತದೆ. ಒಂದರಲ್ಲಿ ಹನ್ನೆರಡು ತೊದಲು, ಇನ್ನೊಂದರಲ್ಲಿ ಹದಿನೈದು ಇದ್ದರೆ ವೈವಿಧ್ಯ ಇದೆ ಎಂದರ್ಥ. ಇಂಥ ಹಲವು ಜಾಗಗಳಲ್ಲಿ, ಹಲವು ಮೊಲಗಳಲ್ಲಿ, ಎರಡೂ ಪ್ರತಿಗಳು ಒಂದೇ ಆಗುತ್ತಾ ಬಂದರೆ ನೆಂಟರೊಳಗೇ ಕೂಡುವಿಕೆ ಹೆಚ್ಚಿದೆ ಎಂಬ ಅನುಮಾನ ಬರುತ್ತದೆ.

ಸಣ್ಣ ಸಾಕಣೆದಾರನಿಗೆ ಇದರಿಂದೇನು? ಅವನ ಬಳಿ ಒಂದು ಗಂಡು, ಒಂಬತ್ತು ಹೆಣ್ಣು ಇವೆ ಎನ್ನಿ. ತಳಿಶಾಸ್ತ್ರದ ಲೆಕ್ಕದಲ್ಲಿ ಈ ಹತ್ತು ಮೊಲ 3.6ಕ್ಕೆ ಸಮ, ಏಕೆಂದರೆ ಮರಿಗಳೆಲ್ಲಕ್ಕೂ ಅಪ್ಪ ಒಬ್ಬನೇ. ಪ್ರತಿ ತಲೆಮಾರಿಗೂ ಸುಮಾರು ಶೇ. 14ರಷ್ಟು ವೈವಿಧ್ಯ ಸೋರಿಹೋಗುತ್ತದೆ. ಹೊರಗಿನ ಮೊಲ ತರದೆ ಹೀಗೇ ನಡೆಸಿದರೆ ಐದು ತಲೆಮಾರಿಗೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಸುಮಾರು ಒಂದು ತಿಂಗಳಿಗೇ ಈಯುವ, ಆರು ತಿಂಗಳಿಗೆ ಮರಿಹಾಕಲು ಸಿದ್ಧವಾಗುವ ಪ್ರಾಣಿಗೆ ಐದು ತಲೆಮಾರು ಎಂದರೆ ಮೂರು ವರ್ಷವಷ್ಟೆ. ಆಮೇಲೆ ಸೂಲಿಗೆ ಮರಿ ಕಡಿಮೆಯಾಗಬಹುದು, ಹುಟ್ಟಿದ್ದು ಸೊರಗಬಹುದು. ಅವನು ಮೇವನ್ನು ಬೈಯುತ್ತಾನೆ, ಚೆನ್ನೈನ ಸೆಕೆಯನ್ನು ಬೈಯುತ್ತಾನೆ. ಸೆಕೆ ಮೊಲಕ್ಕೆ ಶತ್ರು ನಿಜ, ಆದರೆ ತಪ್ಪೆಲ್ಲ ಅದರದೇ ಅಲ್ಲ.

ಪರಿಹಾರಕ್ಕೆ ಪ್ರಯೋಗಾಲಯ ಬೇಕಿಲ್ಲ. ಯಾವ ಮರಿ ಯಾವ ಅಪ್ಪನದು ಎಂದು ಬರೆದಿಡುವ ಒಂದು ನೋಟ್‌ಬುಕ್ ಇರಲಿ, ನೆಂಟಲ್ಲದ ಬೇರೆ ಗಂಡನ್ನು ಆಗಾಗ ತರುವ ರೂಢಿ ಇರಲಿ. ಆ ಗಂಡು ಎಲ್ಲಿಂದ ಬರಬೇಕು? ಮಾಧವರಂನಲ್ಲಿ ಕೇಂದ್ರ ಕಚೇರಿ ಇರುವ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯ ನೀಲಗಿರಿಯ ಸ್ಯಾಂಡಿನಲ್ಲಾದಲ್ಲಿ ಮೊಲ ಸಾಕಿದೆ. ಕೊಡೈಕೆನಾಲ್ ಬಳಿಯ ಮನ್ನವನೂರಿನ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರದಲ್ಲೂ ಮೊಲಗಳಿವೆ. ಡಿಎನ್‌ಎ ಪರೀಕ್ಷೆ ಮುಖ್ಯವಾಗುವುದು ಇಂಥ ಮೂಲ ಹಿಂಡುಗಳಲ್ಲಿ. ಅಲ್ಲಿ ವೈವಿಧ್ಯ ಬತ್ತಿದರೆ, ಊರೂರಿನ ಸಾಕಣೆದಾರರು ಗಂಡು ಬದಲಿಸಿಕೊಂಡರೂ ಬಂದದ್ದು ಹಳೆಯದರ ತಮ್ಮನೇ ಆಗಿರುತ್ತದೆ.