ಹತ್ತಕ್ಕೆ ಎಷ್ಟು ನೋವು?

"ನಿಮ್ಮ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂಕ ಕೊಡುತ್ತೀರಿ?" ದೊಡ್ಡ ಆಸ್ಪತ್ರೆಗಳಿಗೆ ಹೋಗಿಬಂದವರಿಗೆ ಈ ಪ್ರಶ್ನೆ ಹೊಸದಲ್ಲ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಊಹಿಸಲೂ ಆಗದಷ್ಟು ನೋವು. ಕೇಳುವವರಿಗೆ ಸುಲಭ, ಬರೆದುಕೊಳ್ಳುವವರಿಗೆ ಇನ್ನೂ ಸುಲಭ. ಹೇಳಬೇಕಾದವರ ಪಾಡೇನು ಎಂಬುದು ನನಗೆ ತಿಳಿದದ್ದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಕೆಲವು ಭಾನುವಾರಗಳ ತಿರುಗಾಟದಲ್ಲಿ.

ನಾನು ನಿವೃತ್ತ ಕನ್ನಡ ಮೇಷ್ಟರು. ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಇಬ್ಬರು ಸಹಪಾಠಿಗಳೊಡನೆ ಒಂದು ಪ್ರಾಜೆಕ್ಟ್ ಕೈಗೆತ್ತಿಕೊಂಡಳು. ಬಹುಕಾಲದಿಂದ ನೋವು ತಿನ್ನುತ್ತಿರುವವರಿಗೆ ಮೊಬೈಲಿನಲ್ಲೊಂದು ಆ್ಯಪ್. ದಿನವೂ ಅದರಲ್ಲಿ ನೋವನ್ನು ಗುರುತು ಹಾಕಬೇಕು. ತಿಂಗಳ ಕೊನೆಗೆ ಅದು ವೈದ್ಯರಿಗೆ ತೋರಿಸಲು ಒಂದು ಪುಟದ ವರದಿ ಕೊಡುತ್ತದೆ. ಉದ್ದೇಶ ಒಳ್ಳೆಯದೇ. ಮೂರು ತಿಂಗಳು ಮೀರಿ ಉಳಿದ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ದೀರ್ಘಕಾಲದ ನೋವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. 2022ರಲ್ಲಿ ಜಾರಿಗೆ ಬಂದ ಅದರ ರೋಗಗಳ ಪಟ್ಟಿಯಲ್ಲಿ ಇಂಥ ನೋವಿಗೆ ತನ್ನದೇ ಆದ ಜಾಗ ಸಿಕ್ಕಿದೆ. ಆದರೆ ವರ್ಷಗಟ್ಟಲೆ ನೋಯುವವರಿಗೆ ವೈದ್ಯರ ಮುಂದೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಏನು ಹೇಳುವುದು, ಏನು ಬಿಡುವುದು?

ಆ್ಯಪನ್ನು ಇಂಗ್ಲಿಷಿನಲ್ಲಿ ಮಾಡಿ, ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ, "ಒಮ್ಮೆ ನೋಡಿಕೊಡಿ ಅಂಕಲ್" ಎಂದು ಮೂವರೂ ಬಂದರು. ಮೊದಲ ಪುಟದಲ್ಲೇ "ನಿಮಗೆ ಗುಂಡು ಹಾರಿಸುವ ನೋವು ಇದೆಯೇ?" ಎಂದಿತ್ತು! 'ಶೂಟಿಂಗ್ ಪೇನ್' ಪಾಪ, ಹಾಗಾಗಿಹೋಗಿತ್ತು. ಇಂಗ್ಲಿಷಿನ ಈ ಪದ ಸುಮ್ಮನೆ ಬಂದದ್ದಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳು 20 ಗುಂಪುಗಳಲ್ಲಿವೆ. ಅವುಗಳಲ್ಲಿ ಇದೂ ಒಂದು. ನಮ್ಮಲ್ಲಿ ಪದಗಳಿಗೇನು ಬರವೇ? ಚಳುಕು, ಸೆಳೆತ, ಉರಿ, ಜೋಮು, ಇರಿತ, ತಿವಿತ, ಸಿಡಿತ, ಕುತ್ತಿಗೆಯಾದರೆ ಹಿಡಿದುಕೊಳ್ಳುತ್ತದೆ, ಸೊಂಟವಾದರೆ ಬಿದ್ದೇ ಹೋಗುತ್ತದೆ. ಇದು ಬರೀ ಭಾಷೆಯ ಬೆಡಗಲ್ಲ. ಉರಿ, ಜೋಮು, ಕರೆಂಟು ಹೊಡೆದ ಹಾಗೆ ಎಂದರೆ ವೈದ್ಯರು ನರದ ತೊಂದರೆಯನ್ನು ಯೋಚಿಸುತ್ತಾರೆ. ಬರಿಯ 'ಏಳು' ಎಂದರೆ ಅವರಿಗೆ ಆ ಸುಳಿವು ಸಿಗುವುದಿಲ್ಲ.

"ಇದನ್ನು ಯಾರು ಬಳಸಬೇಕೋ ಅವರನ್ನು ಕೇಳಿದಿರಾ?" ಎಂದೆ. ತರಗತಿಯ ಗೆಳೆಯರನ್ನು ಕೇಳಿದ್ದರಂತೆ. ಇಪ್ಪತ್ತೊಂದರ ಪ್ರಾಯದಲ್ಲಿ ಬೆನ್ನುನೋವಿನ ಅನುಭವ ಎಷ್ಟಿದ್ದೀತು?

ನನ್ನ ಹಳೆಯ ಶಿಷ್ಯನೊಬ್ಬ ಹಾರೋಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ಕನಕಪುರ ರಸ್ತೆಯ ಈ ಊರಿಗೆ ಕೈಗಾರಿಕಾ ಪ್ರದೇಶ ಬಂದ ಮೇಲೆ ಅಂಗಡಿಯ ಗಿರಾಕಿಗಳೂ ಬದಲಾಗಿದ್ದಾರೆ. ಸುತ್ತಲ ಹಳ್ಳಿಗಳಿಂದ ಕೆಲಸಕ್ಕೆ ಬರುವ ಹೆಂಗಸರು, ಬಾಡಿಗೆ ಕೋಣೆ ಹಿಡಿದಿರುವ ಉತ್ತರ ಕರ್ನಾಟಕದ, ಹೊರರಾಜ್ಯಗಳ ಹುಡುಗರು. ನೋವಿನ ಮುಲಾಮು ತನ್ನಲ್ಲಿ ಬಿಸ್ಕತ್ತಿನಷ್ಟೇ ಖರ್ಚಾಗುತ್ತದೆ ಎಂದು ಅವನೊಮ್ಮೆ ಹೇಳಿದ್ದ. ಅವನೇ ನಾಲ್ಕಾರು ಮಂದಿಯನ್ನು ಪರಿಚಯಿಸಿಕೊಟ್ಟ.

ಪ್ಯಾಕಿಂಗ್ ವಿಭಾಗದಲ್ಲಿ ದಿನವಿಡೀ ನಿಂತು ಕೆಲಸ ಮಾಡುವ, ನಲವತ್ತು ದಾಟಿದ ಒಬ್ಬ ತಾಯಿ ಪ್ರಶ್ನೆ ಕೇಳಿದೊಡನೆ ನಕ್ಕರು. "ಹತ್ತಕ್ಕೆ ಎಷ್ಟು ಅಂದ್ರೆ ಏನ್ ಮಗ, ಮಾರ್ಕ್ಸಾ? ಹತ್ತು ಬಂದ್ರೆ ಪಾಸಾ, ಫೇಲಾ?" ಆಮೇಲೆ ತಾವೇ ವಿವರಿಸಿದರು. "ಬೆಳಿಗ್ಗೆ ಸೊಂಟ ಹಿಡ್ಕೊಂಡಿರ್ತದೆ. ಲೈನ್‌ನಾಗೆ ನಿಂತಾಗ ಗೊತ್ತಾಗಕಿಲ್ಲ. ಮನೆಗೆ ಬಂದು ಕೂತ್ಕಂಡ್ರೆ ಎದ್ದೇಳಕಾಗಕಿಲ್ಲ. ಯಾವ ಹೊತ್ತಿಂದಕ್ಕೆ ನಂಬರ್ ಕೊಡ್ಲಿ?" ರಾಯಚೂರು ಕಡೆಯ, ಲಾರಿಗೆ ಮೂಟೆ ತುಂಬುವ ಹುಡುಗ ಗೆಳೆಯರೆದುರು "ಏನೂ ಇಲ್ರಿ" ಎಂದವನು, ಅವರು ಅತ್ತ ಸರಿದ ಮೇಲೆ "ನಡಾ ಹಿಡಿದೈತ್ರಿ ಸರ, ಕಾಲಾಗ ಜೋಮು ಬರ್ತೈತಿ" ಎಂದ. ಆ್ಯಪಿನಲ್ಲಿ 'ಸೊಂಟ' ಇತ್ತು, 'ನಡ' ಇರಲಿಲ್ಲ.

ಅಂಕಿಯ ಬದಲು ಮುಖಗಳ ಚಿತ್ರ ಇಡೋಣ ಎಂದ ಹುಡುಗ. ಆ ಚಿತ್ರಗಳ ಹಿಂದೆ ಒಂದು ಸೊಗಸಾದ ಕಥೆಯಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ ಡೋನಾ ವಾಂಗ್ ಮತ್ತು ಕಾನಿ ಬೇಕರ್ ಎಂಬಿಬ್ಬರು, ನೋವನ್ನು ಹೇಳಲು ಬಾರದ ಮಕ್ಕಳ ಕೈಗೆ ಖಾಲಿ ವೃತ್ತಗಳನ್ನು ಕೊಟ್ಟು ಮುಖ ಬರೆಯಿರಿ ಎಂದರು. ನಗುಮುಖದಿಂದ ಅಳುಮುಖದವರೆಗಿನ ಆರು ಮುಖಗಳ ಅಳತೆಗೋಲು ಹುಟ್ಟಿದ್ದು ಹಾಗೆ. ಯಾರಿಗೆ ನೋವೋ ಅವರನ್ನೇ ಕೇಳಿ ಮಾಡಿದ್ದರಿಂದ ಅದು ಜಗತ್ತೆಲ್ಲ ಹರಡಿತು. ಆದರೆ ಮಕ್ಕಳಿಗಾಗಿ ಮಾಡಿದ್ದು ಹಾರೋಹಳ್ಳಿಯ ತಾಯಿಗೆ ಹೊಂದಬೇಕಲ್ಲ? "ನಾನು ನೋವಲ್ಲೂ ನಗ್ತಾನೇ ಇರ್ತೀನಿ, ಅಳಕ್ಕೆ ಪುರುಸೊತ್ತೆಲ್ಲಿ?" ಎಂದರು. ಈ ತೊಡಕನ್ನು ತಜ್ಞರೂ ಕಂಡಿದ್ದಾರೆ. 2001ರಲ್ಲಿ ಬಂದ ಇನ್ನೊಂದು ಮುಖಗಳ ಅಳತೆಗೋಲಿನಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ.

ಮಂಡಿನೋವಿನ ಪ್ರಶ್ನೆಗಳನ್ನು ಹುಡುಗರು ಕೆನಡಾದ 'ವೊಮ್ಯಾಕ್' ಎಂಬ ಹೆಸರಾಂತ ಪ್ರಶ್ನಾವಳಿಯಿಂದ ತಂದಿದ್ದರು. ಕಾಲುಚೀಲ ಹಾಕಿಕೊಳ್ಳಲು ಕಷ್ಟವೇ, ಸ್ನಾನದ ತೊಟ್ಟಿಗೆ ಇಳಿದು ಹತ್ತಲು ಕಷ್ಟವೇ, ಕಾರು ಹತ್ತಿ ಇಳಿಯಲು ಕಷ್ಟವೇ? ತೊಟ್ಟಿಯೂ ಇಲ್ಲ, ಕಾರೂ ಇಲ್ಲ, ಚಪ್ಪಲಿಗೆ ಕಾಲುಚೀಲವೂ ಬೇಡ. ಹಾಗೆಂದು ಉತ್ತರಿಸಿದರೆ ಮಂಡಿ ಗಟ್ಟಿಮುಟ್ಟಾಗಿದೆ ಎಂದೇ ಲೆಕ್ಕವಾಗುತ್ತದೆ! ಕುಕ್ಕರಗಾಲಲ್ಲಿ ಕೂರುವುದು, ನೆಲದಿಂದ ಏಳುವುದು, ಬಿಂದಿಗೆ ಎತ್ತುವುದು, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು ಇವು ನಮ್ಮ ಮಂಡಿಯ ಪರೀಕ್ಷೆಗಳು. ಪುಣೆಯ ಸಂಧಿವಾತ ತಜ್ಞರು ಬಹಳ ಹಿಂದೆಯೇ ಈ ಪ್ರಶ್ನಾವಳಿಯನ್ನು ನಮ್ಮ ಬದುಕಿಗೆ ತಕ್ಕಂತೆ ಮಾರ್ಪಡಿಸಿಕೊಂಡಿದ್ದಾರೆ. ಅದಕ್ಕಿಂತ ನನಗೆ ಹಿಡಿಸಿದ್ದು 1995ರಲ್ಲಿ ಕೆನಡಾದವರೇ ತಂದ ಇನ್ನೊಂದು ದಾರಿ: ನೋವಿನಿಂದಾಗಿ ಯಾವ ಕೆಲಸ ಕಷ್ಟವಾಗಿದೆಯೆಂದು ರೋಗಿಯೇ ಹೆಸರಿಸಲಿ, ಅದನ್ನೇ ಅಳೆಯೋಣ. ಆ ತಾಯಿ ಹೆಸರಿಸಿದ್ದು ಒಂದೇ ಕೆಲಸ, ರಾತ್ರಿ ಮಗ್ಗುಲು ಬದಲಿಸುವುದು.

ಇನ್ನು ಮೊಬೈಲ್. ರಾತ್ರಿ ಒಂಬತ್ತಕ್ಕೆ ನೆನಪಿನ ಗಂಟೆ ಬಾರಿಸುವಂತೆ ಹುಡುಗರು ಏರ್ಪಾಟು ಮಾಡಿದ್ದರು. ಆ ಹೊತ್ತಿಗೆ ಫೋನು ಇರುವುದು ಮಗನ ಕೈಯಲ್ಲಿ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಸ್ವಂತ ಮೊಬೈಲ್ ಇದ್ದದ್ದು ದೇಶದ ಶೇಕಡ 54ರಷ್ಟು ಮಹಿಳೆಯರಿಗೆ ಮಾತ್ರ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಕ್ಷಯರೋಗಿಗಳಿಗಾಗಿ ರೂಪುಗೊಂಡ '99 ಡಾಟ್ಸ್' ಎಂಬ ವ್ಯವಸ್ಥೆ ಈ ವಿಷಯದಲ್ಲಿ ಜಾಣತನದ್ದು. ಗುಳಿಗೆಯನ್ನು ಪೊಟ್ಟಣದಿಂದ ಒತ್ತಿ ತೆಗೆದರೆ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಅದಕ್ಕೊಂದು ಕಾಸಿಲ್ಲದ ಕರೆ ಮಾಡಿದರೆ ಗುಳಿಗೆ ನುಂಗಿದ ಲೆಕ್ಕ. ಯಾವ ಹಳೆಯ ಫೋನಾದರೂ ಸಾಕು. ಆದರೂ ಮುಂದೆ ಪರೀಕ್ಷಿಸಿ ನೋಡಿದಾಗ, ಕರೆ ಮಾಡದ ಎಷ್ಟೋ ಜನ ಗುಳಿಗೆ ನುಂಗಿಯೇ ಇದ್ದರು. ಯಂತ್ರಕ್ಕೆ ಸುದ್ದಿ ಮುಟ್ಟಲಿಲ್ಲ, ಅಷ್ಟೆ.

ಇದನ್ನೆಲ್ಲ ಕೇಳಿದ ಮಕ್ಕಳು ಉತ್ಸಾಹದಿಂದ ತಿದ್ದತೊಡಗಿದರು. ಓದುವ ಬದಲು ಕೇಳಿ, ಮಾತಿನಲ್ಲೇ ಉತ್ತರಿಸುವ ಸೌಕರ್ಯ ಬಂತು. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಆ್ಯಪ್ ನೋಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ ಎಂಬ ಎಚ್ಚರಿಕೆಯೂ ಬಂತು. ಮುಂದಿನ ಭಾನುವಾರ ಅದನ್ನು ತೋರಿಸಿದಾಗ ಆ ತಾಯಿ ದನಿ ತಗ್ಗಿಸಿ, "ಮೇಷ್ಟ್ರೆ, ಇದು ನಮ್ ಸೂಪರ್‌ವೈಸರ್‌ಗೂ ಕಾಣ್ತದಾ?" ಎಂದರು.

ಮೂವರ ಮುಖವೂ ಬಿಳಿಚಿತು. ಆ ತಾಯಿಯದು ಕಂಟ್ರಾಕ್ಟರ ಕೈಕೆಳಗಿನ ಕೆಲಸ. ನೋವಿರುವವರು ಎಂದು ಒಮ್ಮೆ ಹೆಸರಾದರೆ ಮುಂದಿನ ತಿಂಗಳು ಕರೆ ಬರುವ ಖಾತ್ರಿಯಿಲ್ಲ. ಕೇಳುವವರು ವೈದ್ಯರಾದರೆ ಎಂಟು, ಸೂಪರ್‌ವೈಸರ್ ಆದರೆ ಸೊನ್ನೆ. ಸುಳ್ಳಲ್ಲ ಅದು, ಮನೆಯ ಒಲೆ ಉರಿಯಬೇಕಲ್ಲ! ನನ್ನ ಮಟ್ಟಿಗೆ ಇಂಥ ಸಾಧನ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ನೋವು' ಎಂಬುದಲ್ಲ, 'ಇದನ್ನು ಯಾರು ನೋಡಬಹುದು' ಎಂಬುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಓದಿಕೊಳ್ಳುವ ಅವಕಾಶ ಇರಬೇಕೆನ್ನುತ್ತದೆ. ಕನ್ನಡವೂ ಅದರಲ್ಲಿದೆ. ಒಳ್ಳೆಯದು. ಆದರೆ ಬೇಡ ಎನ್ನುವ ಧೈರ್ಯವನ್ನು ಭಾಷೆಯೊಂದೇ ಕೊಟ್ಟೀತೇ?

ಕೊನೆಗೆ ಮಕ್ಕಳು ಹೆಸರು, ಫೋನ್ ನಂಬರ್ ಕೇಳುವುದನ್ನೇ ಕೈಬಿಟ್ಟರು. ಬರೆದದ್ದು ಆ ಫೋನಿನಲ್ಲೇ ಉಳಿಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಮಾಹಿತಿಯನ್ನು ಒಂದೆಡೆ ಕಲೆಹಾಕಿ ನಕ್ಷೆ ಬಿಡಿಸಿ ತೋರಿಸಿದ್ದರೆ ಪ್ರಾಜೆಕ್ಟಿಗೆ ಇನ್ನಷ್ಟು ಅಂಕ ಬರುತ್ತಿತ್ತಂತೆ. ಹುಡುಗಿಯ ತಾಯಿ ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದೂ ಉಂಟು. ನಾನಂತೂ ಆ ಮಕ್ಕಳಿಗೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಬೇಡವಾದಾಗ ಎಲ್ಲವನ್ನೂ ತೆಗೆದುಹಾಕಲು ಒಂದು ಗುಂಡಿಯನ್ನೂ ಇಟ್ಟರು. ಅದರ ಮೇಲೆ 'ಅಳಿಸಿ' ಎಂದು ಬರೆದಿದ್ದರು. ಪ್ಯಾಕಿಂಗ್ ವಿಭಾಗದ ತಾಯಿ ಕೂಡಿಸಿ ಕೂಡಿಸಿ ಓದಿ, "ಅಳಿಸಿ ಅಂತದಲ್ಲ, ಯಾರನ್ನ ಮಗ ಅಳಿಸೋದು?" ಎಂದರು. ಎಲ್ಲರೂ ನಕ್ಕೆವು. ಮತ್ತೇನು ಬರೆಯೋಣ ಎಂದು ಅವರನ್ನೇ ಕೇಳಿದೆವು. ಸ್ಲೇಟು ಒರೆಸಿದ ಹಾಗೆ ತಾನೆ ಎಂದು ಕೇಳಿ ಖಚಿತಪಡಿಸಿಕೊಂಡು ಅವರು ಹೇಳಿದ ಮಾತೇ ಈಗ ಆ ಗುಂಡಿಯ ಮೇಲಿದೆ: ಒರೆಸಿಬಿಡು.